ನಮ್ಮ ಹುಡುಗಿಯರೂ 'ಬಂಜೆ' ಎಂಬ ಮಾತೂ

ಸ್ಮರಣ ಸಂಚಿಕೆಗೆ ಮುಖ್ಯೋಪಾಧ್ಯಾಯಿನಿಯು ಒಂದು ಲೇಖನವನ್ನು ಬರೆದುಕೊಡುವುದು ವಾಡಿಕೆ. ಶಿಸ್ತು, ನೈರ್ಮಲ್ಯ, ವಾಚನಾಭಿರುಚಿ ಇವುಗಳಲ್ಲಿ ಒಂದನ್ನು ಕುರಿತು ನಾಲ್ಕು ಪುಟ ಬರೆದು ನಾನು ಸುಮ್ಮನಾಗುತ್ತಿದ್ದುದುಂಟು. ಈ ಸಾರಿ ಹಾಗೆ ಮಾಡಲು ಮನಸ್ಸೊಪ್ಪಲಿಲ್ಲ. ಅದಕ್ಕೆ ಕಾರಣವಾದ ಸಂಗತಿಯನ್ನು ಮೊದಲು ಹೇಳುವೆನು.

ಕೆಲವು ವರ್ಷಗಳ ಕೆಳಗೆ ಒಂಭತ್ತನೆಯ ತರಗತಿಯಲ್ಲಿ ಸತ್ಯವೇದದ ಪಾಠ ನಡೆಯುತ್ತಿದ್ದಿತು. ಹನ್ನಳೆಂಬ ಸ್ತ್ರೀಯು ಮಕ್ಕಳಿಲ್ಲದೆ ದುಃಖಿಸಿದುದನ್ನೂ, ಸವತಿಯಾದ ಪೆನಿನ್ನಳು ಆಕೆಯನ್ನು ವರ್ಷ ವರ್ಷವೂ ಕೆಣಕಿದುದನ್ನೂ ಉಪಾಧ್ಯಾಯಿನಿಯವರು ವಿವರಿಸುತ್ತಿರುವಾಗ ಹಿಂದಿನ ಬೆಂಚಿನಲ್ಲಿದ್ದ ಒಬ್ಬ ಹುಡುಗಿಯು ಮೇಜಿನ ಮೇಲೆ ತಲೆಯಿಟ್ಟು ಅಳತೊಡಗಿದಳು. ಹೊಟ್ಟೆನೋವೆಂದು ಭಾವಿಸಿ ಆಕೆಯನ್ನು ನನ್ನ ಕೊಠಡಿಗೆ ಕಳುಹಿಸಿದರು. ಆಕೆಯು ಮಗ್ಗದವರ ಮನೆಯ ಹುಡುಗಿ. ಓದಿನಲ್ಲಿ ಚುರುಕು, ಮಾತಿನಲ್ಲಿ ಸಂಕೋಚ. ನೀರು ಕುಡಿಸಿ, ಬಾಗಿಲನ್ನು ಮುಂದಕ್ಕೆ ಮಾಡಿ, ಬಹಳ ಹೊತ್ತು ಕಾದ ಮೇಲೆ ಆಕೆಯ ಬಾಯಿಂದ ಹೊರಟ ಮಾತು ಇಷ್ಟೇ: "ಮಿಸ್, ನನಗೂ ಮಕ್ಕಳಾಗುವುದಿಲ್ಲ."

ಹದಿನೈದು ವರ್ಷ ತುಂಬಿದ್ದ ಮಗುವಿನ ಬಾಯಲ್ಲಿ ಆ ಮಾತನ್ನು ಕೇಳಿ ನಾನು ಸ್ತಬ್ಧಳಾದೆನು. ವಿಚಾರಿಸಲಾಗಿ ತಿಳಿದುದೇನೆಂದರೆ, ಆಕೆಯು ಮೈನೆರೆದು ಒಂದೂವರೆ ವರ್ಷವಾಗಿದ್ದಿತು. ಅಂದಿನಿಂದ ಒಂದು ಸಾರಿ ಎರಡು ತಿಂಗಳಿಗೆ, ಇನ್ನೊಂದು ಸಾರಿ ಮೂರು ತಿಂಗಳಿಗೆ ಮುಟ್ಟಾಗುತ್ತಿದ್ದಳು. ನೆರೆಮನೆಯ ಹೆಂಗಸೊಬ್ಬಳು, ಮುಟ್ಟು ನೆಟ್ಟಗಿಲ್ಲದವಳಿಗೆ ಬಸಿರು ನಿಲ್ಲದು ಎಂದು ಅಜ್ಜಿಯ ಕಿವಿಯಲ್ಲಿ ಹಾಕಿದ್ದಳು. ಅಜ್ಜಿಯು ಭಯಪಟ್ಟು, ಬೇಗನೆ ಮದುವೆ ಮಾಡಿದರೆ ಎಲ್ಲವೂ ಸರಿಹೋಗುವುದೆಂದು ನಿಶ್ಚಯಿಸಿ, ಸೋದರಮಾವನಿಗೇ ಕೊಡುವುದಾಗಿ ಮಾತೆತ್ತಿದ್ದಳು. ಮಾತು ಹೊರಗೆ ಹರಡುವುದರೊಳಗಾಗಿ ತಾಳಿ ಕಟ್ಟಿಸಿಬಿಡಬೇಕೆಂಬುದು ಮನೆಯವರ ಅವಸರ.

ಈ ಹುಡುಗಿಯ ಕಥೆ ಮುಂದೇನಾಯಿತೆಂಬುದನ್ನು ಕೊನೆಯಲ್ಲಿ ಹೇಳುವೆನು. ಅದಕ್ಕೆ ಮುಂಚೆ ನನ್ನ ತಪ್ಪೊಂದನ್ನು ಒಪ್ಪಿಕೊಳ್ಳಬೇಕಾಗಿದೆ. ನಾನು ಜೀವಶಾಸ್ತ್ರದಲ್ಲಿ ಪದವಿಯನ್ನು ಪಡೆದು, ಉಪಾಧ್ಯಾಯರ ತರಬೇತಿಯನ್ನು ಮುಗಿಸಿ ಕೆಲಸಕ್ಕೆ ಸೇರಿದ ಮೊದಲ ವರ್ಷಗಳಲ್ಲಿ ಹತ್ತನೆಯ ತರಗತಿಗೆ ವಿಜ್ಞಾನವನ್ನು ಬೋಧಿಸುತ್ತಿದ್ದೆನು. ಸಂತಾನೋತ್ಪತ್ತಿಯ ಪಾಠ ಬಂದಾಗ ದಾಸವಾಳದ ಹೂವನ್ನು ಸೀಳಿ ತೋರಿಸಿ, ಪರಾಗಸ್ಪರ್ಶವನ್ನು ಒಂದು ವಾರ ವಿಸ್ತರಿಸಿ, ಮನುಷ್ಯರ ಭಾಗಕ್ಕೆ ಬಂದೊಡನೆ, "ಇದನ್ನು ಮನೆಯಲ್ಲಿ ಓದಿಕೊಳ್ಳಿರಿ, ಪರೀಕ್ಷೆಗೆ ಚಿತ್ರವೊಂದು ಬರುತ್ತದೆ" ಎಂದು ಪುಟವನ್ನು ಮಗುಚಿಬಿಡುತ್ತಿದ್ದೆನು. ಆ ಕಾಲದ ವಿದ್ಯಾರ್ಥಿನಿಯೊಬ್ಬಳು, ಈಗ ಎರಡು ಮಕ್ಕಳ ತಾಯಿ, ಹಳೆಯ ವಿದ್ಯಾರ್ಥಿನಿಯರ ಕೂಟಕ್ಕೆ ಬಂದಿದ್ದಾಗ ನಗುತ್ತಲೇ ಹೇಳಿದಳು: "ಮಿಸ್, ಆ ಚಿತ್ರಕ್ಕೆ ನನಗೆ ಪೂರ್ತಿ ಅಂಕ ಬಂದಿತ್ತು. ಆದರೆ ಅದು ನನ್ನ ಹೊಟ್ಟೆಯೊಳಗೇ ಇರುವುದೆಂದು ನನಗೆ ತಿಳಿದದ್ದು ಮದುವೆಯಾದ ಮೇಲೆ." ಎಲ್ಲರೂ ನಕ್ಕರು. ನನಗೆ ನಗು ಬರಲಿಲ್ಲ.

ಅಳುತ್ತಿದ್ದ ಹುಡುಗಿಯನ್ನು ಕಂಡ ಆ ವರ್ಷವೇ ನಾವು ವಾಚನಾಲಯದ ಬೀರುವಿನ ಮೇಲೆ ಬಿಸ್ಕತ್ತಿನ ತಗಡಿನ ಡಬ್ಬಿಯೊಂದಕ್ಕೆ ಸೀಳು ಮಾಡಿ ಇಟ್ಟೆವು. ಹೆಸರು ಬರೆಯದೆ ಯಾರು ಬೇಕಾದರೂ ಚೀಟಿಯನ್ನು ಹಾಕಬಹುದು. ಮೊದಲ ತಿಂಗಳು ಬಂದುವು ಎರಡೋ ಮೂರೋ ಚೀಟಿಗಳು. ಅವುಗಳಲ್ಲೊಂದು ಮಧ್ಯಾಹ್ನದ ಊಟದ ಸಾರಿನಲ್ಲಿ ಖಾರ ಹೆಚ್ಚೆಂಬ ದೂರು. ಆಮೇಲೆ ಡಬ್ಬಿ ತುಂಬತೊಡಗಿತು. ವರ್ಷಕ್ಕೆ ಕೆಲವು ಸಾರಿ ಲೇಡಿ ಡಾಕ್ಟರೊಬ್ಬರು ದಯಮಾಡಿಸಿ ಉತ್ತರ ಹೇಳುವರು. ಉಳಿದ ದಿನಗಳಲ್ಲಿ ಆ ಭಾರ ನನ್ನದು. ಚೀಟಿಗಳನ್ನು ಓದುತ್ತ ಬಂದ ನನಗೆ ಒಂದು ಸಂಗತಿಯು ಸ್ಪಷ್ಟವಾಯಿತು. ನಮ್ಮ ಹುಡುಗಿಯರಿಗೆ ಶರೀರದ ವಿಷಯದಲ್ಲಿ ಏನೂ ತಿಳಿಯದೆಂದು ನಾವು ತಿಳಿದಿರುವುದು ಸುಳ್ಳು. ಅವರಿಗೆ ತಿಳಿದಿರುವುದು ಬಹಳ. ಅದರಲ್ಲಿ ಅರ್ಧಕ್ಕೂ ಹೆಚ್ಚು ತಪ್ಪು. ಮತ್ತು ಆ ತಪ್ಪುಗಳೆಲ್ಲವೂ ಸುತ್ತಿ ಸುತ್ತಿ ಒಂದೇ ಭಯಕ್ಕೆ ಬಂದು ಮುಟ್ಟುತ್ತವೆ: ನಾನು ಮುಂದೆ ತಾಯಿಯಾಗುವೆನೋ ಇಲ್ಲವೋ?

ಸೈಕಲ್ ತುಳಿದರೆ ಗರ್ಭಕೋಶ ಜರುಗುವುದೇ ಎಂದು ಒಬ್ಬಳು. ಹದಿನಾಲ್ಕು ತುಂಬಿದರೂ ತಾನಿನ್ನೂ ದೊಡ್ಡವಳಾಗಲಿಲ್ಲವೆಂದು ಇನ್ನೊಬ್ಬಳು. ಬಿಳಿ ಹೋಗುವುದರಿಂದ ಮೂಳೆ ಕರಗಿ ಗರ್ಭ ನಿಲ್ಲದಂತಾಗುವುದೆಂದು ಅನೇಕರು. ಪರಂಗಿಹಣ್ಣನ್ನು ತಿಂದೆನೆಂದು ಒಬ್ಬಳು ಪಶ್ಚಾತ್ತಾಪದ ಪತ್ರವನ್ನೇ ಬರೆದಿದ್ದಳು. ಮೈನೆರೆದಾಗ ಸೋದರಮಾವನು ಹಸಿರುಗುಡ್ಲು ಹಾಕಿಸದಿದ್ದುದೇ ತನ್ನ ಹೊಟ್ಟೆನೋವಿಗೆ ಕಾರಣವೇ ಎಂದು ಕೇಳಿದವಳೂ ಉಂಟು. ಸೈಕಲ್ಲಿನಿಂದಾಗಲಿ, ಓಟದಿಂದಾಗಲಿ, ಮಾಗಿದ ಪರಂಗಿಹಣ್ಣಿನಿಂದಾಗಲಿ ಯಾವ ಹುಡುಗಿಯ ಗರ್ಭಕೋಶಕ್ಕೂ ಕೇಡಿಲ್ಲ. ಬಣ್ಣವಿಲ್ಲದ ಅಥವಾ ಬೆಳ್ಳಗಿನ ಸ್ವಲ್ಪ ಸ್ರಾವವು ಪ್ರಾಯಕ್ಕೆ ಬಂದ ಶರೀರದ ಸಹಜ ಕ್ರಿಯೆ, ಕಣ್ಣಿನಲ್ಲಿ ನೀರು ಇರುವಂತೆ. ದುರ್ವಾಸನೆ, ತುರಿಕೆ, ಹಸಿರು ಹಳದಿ ಬಣ್ಣಗಳಿದ್ದರೆ ಮಾತ್ರ ವೈದ್ಯರಿಗೆ ತೋರಿಸತಕ್ಕದ್ದು. ಇನ್ನು ಮೈನೆರೆದವಳಿಗೆ ನಮ್ಮ ಕಡೆಯಲ್ಲಿ ಕೊಡುವ ಎಳ್ಳು ಬೆಲ್ಲದ ಚಿಗಳಿಯ ವಿಷಯದಲ್ಲಿ ನನ್ನ ತಕರಾರೇನೂ ಇಲ್ಲ. ಅದು ರುಚಿಯೂ ಹೌದು, ಬೆಳೆಯುವ ಮಗುವಿಗೆ ಪುಷ್ಟಿಯೂ ಹೌದು. ಹನ್ನೆರಡು ದಿನ ಕೊಟ್ಟು ನಿಲ್ಲಿಸುವುದೇಕೆಂಬುದೇ ನನ್ನ ಪ್ರಶ್ನೆ.

ಎಲ್ಲಕ್ಕಿಂತ ಹೆಚ್ಚಾಗಿ ಬರುವ ಚೀಟಿ ಮುಟ್ಟಿನ ಅನಿಯಮವನ್ನು ಕುರಿತುದು. ಇದನ್ನು ಸ್ವಲ್ಪ ನಿಧಾನವಾಗಿ ನೋಡೋಣ. ಹೆಣ್ಣುಮಗುವು ಹುಟ್ಟುವಾಗಲೇ ಆಕೆಯ ಎರಡು ಅಂಡಾಶಯಗಳಲ್ಲಿ ಹತ್ತು ಲಕ್ಷದಿಂದ ಇಪ್ಪತ್ತು ಲಕ್ಷದವರೆಗೆ ಅಂಡಗಳ ಮೊಳಕೆಗಳಿರುತ್ತವೆ. ಮೈನೆರೆಯುವ ಹೊತ್ತಿಗೆ ಸುಮಾರು ಮೂರು ನಾಲ್ಕು ಲಕ್ಷ ಉಳಿದಿರುವುವು. ಜೀವಮಾನವೆಲ್ಲಾ ಸೇರಿ ಪಕ್ವವಾಗಿ ಹೊರಬರುವುವು ಬರಿಯ ನಾನೂರು ಐನೂರು. ಆದುದರಿಂದ ಒಂದು ತಿಂಗಳು ಅಂಡವು ಹೊರಬರದೆ ಹೋದುದರಿಂದ ಭಂಡಾರವು ಬರಿದಾಯಿತೆಂದು ಯಾರೂ ಹೆದರಬೇಕಾದುದಿಲ್ಲ. ಅಂಡವು ಪಕ್ವವಾಗಬೇಕಾದರೆ ಮೆದುಳಿನ ಬುಡದಲ್ಲಿರುವ ಪಿಟ್ಯುಟರಿ ಗ್ರಂಥಿಯಿಂದ ಅಂಡಾಶಯಕ್ಕೆ ರಕ್ತದ ಮೂಲಕ ಆಜ್ಞೆ ಹೋಗಬೇಕು; ಅಂಡಾಶಯದಿಂದ ಮೇಲಕ್ಕೆ ಉತ್ತರ ಬರಬೇಕು. ಈ ಹೋಗಿಬರುವಿಕೆಯು ಒಂದು ಕ್ರಮಕ್ಕೆ ನಿಲ್ಲಲು ಎರಡು ಮೂರು ವರ್ಷಗಳು ಹಿಡಿಯುವುವು. ಅಷ್ಟರವರೆಗೆ ಅನೇಕ ತಿಂಗಳುಗಳಲ್ಲಿ ಅಂಡವೇ ಹೊರಬರದೆ ಇರುವುದುಂಟು. ಆಗ ಮುಟ್ಟು ಹಿಂದುಮುಂದಾಗುವುದು. ನಮ್ಮೂರಿನಲ್ಲಿ ಮಗ್ಗದ ಶಬ್ದವನ್ನು ಕೇಳದೆ ಬೆಳೆದವರಿಲ್ಲವಷ್ಟೆ. ಹೊಸ ಹಾಸನ್ನು ಏರಿಸಿದ ಮೊದಲ ದಿನ ಎಳೆಗಳು ಮೇಲಿಂದ ಮೇಲೆ ಕಡಿಯುತ್ತವೆ. ಆಗ ಯಾವ ನೇಕಾರನೂ ಮಗ್ಗ ಕೆಟ್ಟಿತೆಂದು ಅದನ್ನು ಬಿಚ್ಚಿ ಬೀದಿಗೆ ಹಾಕುವುದಿಲ್ಲ.

ಲೆಕ್ಕ ಬೇಕೆನ್ನುವವರಿಗೆ ಲೆಕ್ಕವೂ ಇದೆ. ಹದಿಹರೆಯದಲ್ಲಿ ಒಂದು ಮುಟ್ಟಿನ ಮೊದಲ ದಿನದಿಂದ ಮುಂದಿನ ಮುಟ್ಟಿನ ಮೊದಲ ದಿನದವರೆಗೆ 21ರಿಂದ 45 ದಿನಗಳ ಅಂತರವಿದ್ದರೆ ವೈದ್ಯರು ಅದನ್ನು ಸಹಜವೆನ್ನುವರು. ಮೈನೆರೆದ ಮೂರನೆಯ ವರ್ಷಕ್ಕೆ ನೂರು ಚಕ್ರಗಳಲ್ಲಿ ಅರವತ್ತರಿಂದ ಎಂಭತ್ತರಷ್ಟು 21ರಿಂದ 34 ದಿನಗಳೊಳಗೆ ಬಂದು ನಿಲ್ಲುವುವು. ಹಾಗೆಂದು ಎಲ್ಲವನ್ನೂ ಸಹಜವೆಂದು ಬಿಡತಕ್ಕದ್ದಲ್ಲ. ಹದಿಮೂರು ವರ್ಷ ತುಂಬಿದರೂ ಎದೆ ಮೂಡದಿದ್ದರೆ, ಹದಿನೈದು ತುಂಬಿದರೂ ಮೈನೆರೆಯದಿದ್ದರೆ, ಒಂದೇ ಸಾರಿಯಾದರೂ ತೊಂಬತ್ತು ದಿನಗಳಿಗೆ ಮಿಕ್ಕಿ ಮುಟ್ಟು ನಿಂತರೆ, ಸ್ರಾವವು ಏಳು ದಿನಗಳನ್ನು ಮೀರಿದರೆ ಅಥವಾ ಗಂಟೆಗೆ ಎರಡು ಗಂಟೆಗೆ ಬಟ್ಟೆ ಬದಲಾಯಿಸಬೇಕಾದರೆ, ನೋವಿನಿಂದ ಶಾಲೆ ತಪ್ಪುವಂತಾದರೆ ವೈದ್ಯರನ್ನು ಕಾಣಬೇಕು. ಕಾಣುವುದು ಮಕ್ಕಳಾಗುವುದಿಲ್ಲವೆಂಬ ಭಯದಿಂದಲ್ಲ. ರಕ್ತಹೀನತೆಯೋ ಥೈರಾಯ್ಡ್ ಗ್ರಂಥಿಯ ದೋಷವೋ ಇದ್ದಲ್ಲಿ ಸುಲಭವಾಗಿ ಗುಣಪಡಿಸಬಹುದೆಂಬ ಕಾರಣದಿಂದ. ವಿಪರೀತ ನೋವನ್ನು "ಮದುವೆಯಾದರೆ ಹೋಗುತ್ತದೆ" ಎಂದು ಸಹಿಸಿಕೊಳ್ಳಲು ಹೇಳುವ ತಾಯಂದಿರಲ್ಲಿ ನನ್ನ ಬಿನ್ನಹವೇನೆಂದರೆ, ಮದುವೆಯು ಔಷಧವಲ್ಲ.

ಈಚೆಗೆ ಇದಕ್ಕೆ ಹೊಸತೊಂದು ಭಯ ಸೇರಿಕೊಂಡಿದೆ. ಮುಟ್ಟು ಎರಡು ಸಾರಿ ತಪ್ಪಿದರೆ ಹುಡುಗಿಯನ್ನು ಸ್ಕ್ಯಾನಿಂಗಿಗೆ ಕರೆದೊಯ್ಯುವರು. ಅಂಡಾಶಯದಲ್ಲಿ ಚಿಕ್ಕ ಚಿಕ್ಕ ನೀರ್ಗುಳ್ಳೆಗಳು ಕಂಡವೆಂದು ವರದಿಯಲ್ಲಿ ಪಿ.ಸಿ.ಒ.ಡಿ. ಎಂಬ ನಾಲ್ಕಕ್ಷರಗಳು ಬರುವುವು. ಆ ನಾಲ್ಕಕ್ಷರಗಳು ಬಂಜೆತನದ ಚೀಟಿಯೆಂದು ಹುಡುಗಿಯೂ ತಾಯಿಯೂ ಅಳುತ್ತ ಮನೆಗೆ ಬರುವರು. ನಿಜಾಂಶವೇನೆಂದರೆ, ಎಳೆಯ ಹುಡುಗಿಯರ ಅಂಡಾಶಯಗಳಲ್ಲಿ ಅಂಥ ಗುಳ್ಳೆಗಳು ಕಾಣುವುದು ಬಹು ಸಾಮಾನ್ಯ. ಆದುದರಿಂದಲೇ ಮೈನೆರೆದ ಎಂಟು ವರ್ಷಗಳೊಳಗೆ ಈ ರೋಗವನ್ನು ನಿರ್ಧರಿಸಲು ಸ್ಕ್ಯಾನಿಂಗನ್ನು ಉಪಯೋಗಿಸಕೂಡದೆಂದು 2023ರಲ್ಲಿ ಪ್ರಕಟವಾದ ಅಂತರರಾಷ್ಟ್ರೀಯ ವೈದ್ಯ ಮಾರ್ಗಸೂಚಿಯು ತಿಳಿಸುತ್ತದೆ. ಮುಟ್ಟಿನ ಅನಿಯಮದ ಜೊತೆಗೆ ಮುಖದಲ್ಲಿ ಗಡುಸಾದ ಕೂದಲು, ಮಿತಿಮೀರಿದ ಮೊಡವೆ ಮುಂತಾದ ಗುರುತುಗಳೋ, ರಕ್ತಪರೀಕ್ಷೆಯಲ್ಲಿ ಪುರುಷ ಹಾರ್ಮೋನಿನ ಹೆಚ್ಚಳವೋ ಇದ್ದರೆ ಮಾತ್ರ ಆ ಹೆಸರಿಡಬೇಕು. ಹೆಸರಿಟ್ಟರೂ ಭಯಕ್ಕೆ ಕಾರಣವಿಲ್ಲ. ಆ ಸ್ಥಿತಿಯುಳ್ಳ ಹೆಂಗಸರಲ್ಲಿ ಬಹುಪಾಲು ಮಂದಿ, ಕೆಲವರು ತಾವಾಗಿಯೇ, ಕೆಲವರು ಚಿಕಿತ್ಸೆಯ ನೆರವಿನಿಂದ, ತಾಯಂದಿರಾಗಿರುವರು.

ಇಷ್ಟಾದ ಮೇಲೆ ಮುಖ್ಯವಾದ ಮಾತಿಗೆ ಬರುತ್ತೇನೆ. ವೈದ್ಯಶಾಸ್ತ್ರವು ಬಂಜೆತನವೆಂದು ಕರೆಯುವುದು ಯಾವುದನ್ನು? ಗಂಡಹೆಂಡಿರು ಹನ್ನೆರಡು ತಿಂಗಳು ಅಥವಾ ಅದಕ್ಕಿಂತ ಹೆಚ್ಚು ಕಾಲ, ಗರ್ಭನಿರೋಧದ ಯಾವ ಉಪಾಯವನ್ನೂ ಮಾಡದೆ ದಾಂಪತ್ಯ ನಡೆಸಿಯೂ ಗರ್ಭವು ನಿಲ್ಲದಿದ್ದರೆ, ಆಗ ಆ ದಂಪತಿಗಳನ್ನು ಪರೀಕ್ಷಿಸಿ ಆ ಮಾತನ್ನು ಆಡಬಹುದು. ಅಂದಮೇಲೆ ಕನ್ಯೆಯಾದ ಹುಡುಗಿಗೆ ಆ ಮಾತು ಸಲ್ಲುವುದೇ ಇಲ್ಲ. ಬಿತ್ತದ ಹೊಲವನ್ನು ಬಂಜರೆಂದು ತೀರ್ಪು ಹೇಳುವ ಒಕ್ಕಲಿಗನನ್ನು ನಾನು ಕಂಡಿಲ್ಲ. ಗರ್ಭಕೋಶವೇ ಇಲ್ಲದೆ ಹುಟ್ಟುವುದು ಮೊದಲಾದ ಅಪರೂಪದ ಸ್ಥಿತಿಗಳನ್ನು ವೈದ್ಯರು ಪರೀಕ್ಷೆಯಿಂದ ಮುಂಚೆಯೇ ಕಂಡುಹಿಡಿಯಬಲ್ಲರು, ನಿಜ. ಆದರೆ ನೆರೆಮನೆಯವಳು ಕಂಡುಹಿಡಿಯಲಾರಳು.

ಮೇಲಾಗಿ, ದಂಪತಿಗಳೆಂದ ಮೇಲೆ ಇಬ್ಬರೂ ಸೇರಿದರು. 2023ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯು ಪ್ರಕಟಿಸಿದ ವರದಿಯ ಪ್ರಕಾರ ಲೋಕದಲ್ಲಿ ಸುಮಾರು ಆರು ಜನರಲ್ಲಿ ಒಬ್ಬರು ಜೀವಮಾನದ ಯಾವುದಾದರೊಂದು ಕಾಲದಲ್ಲಿ ಈ ಕಷ್ಟವನ್ನು ಅನುಭವಿಸುತ್ತಾರೆ; ಕಾರಣವು ಹೆಂಗಸಿನಲ್ಲಿರುವಂತೆಯೇ ಗಂಡಸಿನಲ್ಲಿಯೂ ಇರುವುದು, ಎಷ್ಟೋ ಸಾರಿ ಇಬ್ಬರಲ್ಲಿಯೂ ಇರುವುದು. ಆದರೂ 'ಬಂಜೆ' ಎಂಬ ಮಾತು ನಮ್ಮ ಮನೆಮಾತಿನಲ್ಲಿ ಹೆಂಗಸಿಗೆ ಮಾತ್ರ ಉಂಟು. ಅದಕ್ಕೆ ಜೋಡಿಯಾಗಿ ಗಂಡಸಿಗೆ ಹೇಳುವ ಮಾತು ಹುಡುಕಿದರೂ ಸಿಕ್ಕದು. ನಮ್ಮ ತಾಲ್ಲೂಕಿನ ಘಾಟಿ ಸುಬ್ರಹ್ಮಣ್ಯಕ್ಕೆ ಹೋದವರು ಅಲ್ಲಿ ಸಂತಾನವನ್ನು ಬೇಡಿ ಪ್ರತಿಷ್ಠಿಸಿರುವ ನಾಗರಕಲ್ಲುಗಳನ್ನು ಕಂಡಿರುವರು. ಆ ಕಲ್ಲುಗಳ ಹಿಂದಿರುವ ದುಃಖವನ್ನು ಯಾವ ಮತದವರೂ ಹಗುರಾಗಿ ಕಾಣಲಾಗದು. ಆ ಕಲ್ಲನ್ನು ನಿಲ್ಲಿಸುವಾಗ ಗಂಡಹೆಂಡಿರು ಒಟ್ಟಾಗಿ ನಿಲ್ಲುತ್ತಾರೆ. ಅಲ್ಲಿಂದ ಮನೆಗೆ ಬಂದ ಮೇಲೆ ಮಾತ್ರ ಮಾತು ಕೇಳುವವಳು ಒಬ್ಬಳೇ. ದನಗಳ ಜಾತ್ರೆಗೆಂದು ತಾಯಿಯೊಡನೆ ಹೋದ ಚಿಕ್ಕ ಹುಡುಗಿಯು ಇದನ್ನೆಲ್ಲಾ ನೋಡಿ, ಕೇಳಿ, ತನಗೆ ತಾನೇ ಲೆಕ್ಕ ಹಾಕಿಕೊಳ್ಳುವಳು.

ಈ ಭಯವು ನಮ್ಮ ಊರಿನ ಮಕ್ಕಳಿಗೆ ಮಾತ್ರವೆಂದೂ ತಿಳಿಯಕೂಡದು. ಅಮೆರಿಕಾ ದೇಶದಲ್ಲಿ 18ರಿಂದ 29 ವರ್ಷದೊಳಗಿನ ಅವಿವಾಹಿತರನ್ನು ವಿಚಾರಿಸಿ 2012ರಲ್ಲಿ ಪ್ರಕಟಿಸಿದ ಅಧ್ಯಯನವೊಂದರಲ್ಲಿ, ತಮಗೆ ಮಕ್ಕಳಾಗದಿರುವುದೇ ಬಹಳಮಟ್ಟಿಗೆ ಸಂಭವವೆಂದು ಹೇಳಿದವರು ಸ್ತ್ರೀಯರಲ್ಲಿ ನೂರಕ್ಕೆ 19, ಪುರುಷರಲ್ಲಿ ನೂರಕ್ಕೆ 13. ಪುಸ್ತಕ, ಆಸ್ಪತ್ರೆ, ಕಂಪ್ಯೂಟರು ಎಲ್ಲವೂ ಕೈಗೆಟಕುವ ನಾಡಿನ ಸಂಗತಿ ಇದು.

ತಿಳಿಯದವರನ್ನು ನಾವು ಹೀನಾಯವಾಗಿ ಕಾಣಬಾರದೆಂಬುದಕ್ಕೆ ಇನ್ನೊಂದು ಕಾರಣವೂ ಉಂಟು. ಗರ್ಭವು ಯಾವ ದಿನಗಳಲ್ಲಿ ನಿಲ್ಲುವುದೆಂಬ ವಿಷಯದಲ್ಲಿ ಹತ್ತೊಂಬತ್ತನೆಯ ಶತಮಾನದ ವೈದ್ಯರೇ ತಲೆಕೆಳಗಾಗಿ ತಿಳಿದಿದ್ದರು. ಪ್ರಾಣಿಗಳ ಬೆದೆಯನ್ನು ನೋಡಿ ಮನುಷ್ಯರಲ್ಲಿಯೂ ಮುಟ್ಟಿನ ಹತ್ತಿರದ ದಿನಗಳೇ ಗರ್ಭಕ್ಕೆ ಅನುಕೂಲವೆಂದೂ, ತಿಂಗಳ ನಡುವಿನ ದಿನಗಳು ನಿರಪಾಯವೆಂದೂ ಗ್ರಂಥಗಳಲ್ಲಿ ಬರೆದರು. ಅದನ್ನು ನಂಬಿ ನಡೆದವರ ಮನೆಯಲ್ಲಿ ತೊಟ್ಟಿಲು ತುಂಬಿದುದರಲ್ಲಿ ಆಶ್ಚರ್ಯವಿಲ್ಲ. 1920ರ ದಶಕದಲ್ಲಿ ಜಪಾನಿನ ಒಗಿನೊ ಎಂಬ ವೈದ್ಯನೂ, ಆಸ್ಟ್ರಿಯಾದ ಕ್ನೌಸ್ ಎಂಬ ವೈದ್ಯನೂ ಬೇರೆಬೇರೆಯಾಗಿ ಶೋಧಿಸಿ, ಮುಂದಿನ ಮುಟ್ಟಿಗೆ ಸುಮಾರು ಹದಿನಾಲ್ಕು ದಿನ ಮುಂಚೆ ಅಂಡವು ಹೊರಬರುವುದೆಂದು ತೋರಿಸಿದ ಮೇಲೆಯೇ ಈ ತಪ್ಪು ತಿದ್ದಿದುದು. 1930ರಲ್ಲಿ ನಮ್ಮ ಮೈಸೂರು ಸರ್ಕಾರವು ತನ್ನ ಆಸ್ಪತ್ರೆಗಳಲ್ಲಿ ಸಂತಾನ ನಿಯಂತ್ರಣದ ಸಲಹೆಯನ್ನು ಕೊಡುವಂತೆ ಆಜ್ಞೆ ಮಾಡಿತು. ಲೋಕದಲ್ಲಿ ಸರ್ಕಾರವೊಂದು ಹಾಗೆ ಮಾಡಿದುದು ಅದೇ ಮೊದಲೆಂದು ಹೇಳುವರು. ತರುವಾಯ 1952ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ನೆರವಿನಿಂದ ದೆಹಲಿಯ ಲೋಧಿ ಕಾಲೊನಿಯಲ್ಲಿಯೂ ನಮ್ಮ ನೆರೆಯ ರಾಮನಗರದಲ್ಲಿಯೂ ದಿನಗಳ ಲೆಕ್ಕವನ್ನು ಹೆಂಗಸರಿಗೆ ಕಲಿಸುವ ಪ್ರಯೋಗವು ಆರಂಭವಾಯಿತು. ಲೆಕ್ಕ ತಪ್ಪದಿರಲೆಂದು ಬಣ್ಣಬಣ್ಣದ ಮಣಿಗಳ ಸರವನ್ನು ಕೊಡುವ ಉಪಾಯವನ್ನೂ ಹೂಡಿದರು. ಅದನ್ನು ಕೊನೆಯವರೆಗೆ ನಡೆಸಿದವರು ಸ್ವಲ್ಪ ಮಂದಿ. ಮುಟ್ಟು ಒಬ್ಬೊಬ್ಬಳಿಗೆ ಒಂದೊಂದು ಬಗೆಯಾಗಿರುವಾಗ ಎಲ್ಲರಿಗೂ ಒಂದೇ ಸರವು ಹೊಂದುವುದಾದರೂ ಹೇಗೆ? ದೊಡ್ಡವರ, ಪಂಡಿತರ ಅವಸ್ಥೆಯೇ ಹೀಗಿದ್ದ ಮೇಲೆ ಹದಿನಾಲ್ಕು ವರ್ಷದ ಹುಡುಗಿಯು ತಪ್ಪು ತಿಳಿದರೆ ಅದು ಅಪರಾಧವಲ್ಲ.

ಭಯವು ಹೇಗೆ ಕೇಡು ಮಾಡುವುದೆಂಬುದಕ್ಕೆ ನಮ್ಮ ಶಾಲೆಯಲ್ಲಿಯೇ ನಡೆದ ಎರಡು ಸಂಗತಿಗಳನ್ನು ಹೇಳುವೆನು. ಸರ್ಕಾರದವರು ವಾರಕ್ಕೊಂದು ನೀಲಿ ಬಣ್ಣದ ಕಬ್ಬಿಣಾಂಶದ ಮಾತ್ರೆಯನ್ನು ಹದಿಹರೆಯದ ಮಕ್ಕಳಿಗೆ ಶಾಲೆಗಳ ಮೂಲಕ ಕೊಡುವುದುಂಟು. ಒಂದು ವರ್ಷ ಅದು ಮಕ್ಕಳಾಗದಂತೆ ಮಾಡುವ ಮಾತ್ರೆಯೆಂಬ ಗುಸುಗುಸು ಎದ್ದಿತು. ಹುಡುಗಿಯರು ನನ್ನೆದುರಿಗೆ ಬಾಯಲ್ಲಿಟ್ಟುಕೊಂಡು ಹಿತ್ತಲಿನ ದಾಸವಾಳದ ಗಿಡದ ಬುಡದಲ್ಲಿ ಉಗುಳುತ್ತಿದ್ದರು. ಗಿಡದ ಬುಡವೆಲ್ಲಾ ನೀಲಿಯಾದುದನ್ನು ನೋಡಿ ನನಗೆ ತಿಳಿಯಿತು. ಆ ಮಾತ್ರೆಯಲ್ಲಿರುವುದು 60 ಮಿಲಿಗ್ರಾಂ ಕಬ್ಬಿಣಾಂಶ ಮತ್ತು ಸ್ವಲ್ಪ ಫೋಲಿಕ್ ಆಮ್ಲ. ರಕ್ತಹೀನತೆಯು ಹೆರಿಗೆಯ ಕಾಲದಲ್ಲಿ ಎಷ್ಟು ತಾಯಂದಿರ ಪ್ರಾಣಕ್ಕೆ ಮುಳುವಾಗಿದೆಯೆಂಬುದನ್ನು ಬಲ್ಲವರಿಗೆ ಈ ಉಗುಳುವಿಕೆಯ ದುರಂತವು ಅರ್ಥವಾಗುವುದು. ಎರಡನೆಯದು 2017ರ ಫೆಬ್ರವರಿಯಲ್ಲಿ ನಡೆದುದು. ದಡಾರ ಮತ್ತು ರುಬೆಲ್ಲಾ ರೋಗಗಳ ಚುಚ್ಚುಮದ್ದನ್ನು ಒಂಭತ್ತು ತಿಂಗಳಿನಿಂದ ಹದಿನೈದು ವರ್ಷದೊಳಗಿನ ಮಕ್ಕಳೆಲ್ಲರಿಗೂ ಹಾಕುವ ಕಾರ್ಯವು ನಮ್ಮ ರಾಜ್ಯದಲ್ಲಿ ಆರಂಭವಾದಾಗ, ಅದರಿಂದ ಸಂತಾನ ನಷ್ಟವಾಗುವುದೆಂಬ ಸುಳ್ಳುವಾರ್ತೆಯು ವಾಟ್ಸಾಪಿನ ಮೂಲಕ ಮನೆಮನೆಗೆ ಬಂದಿತು. ಕೆಲವು ತಂದೆಗಳು ಆ ದಿನ ಮಕ್ಕಳನ್ನು ಶಾಲೆಗೇ ಕಳುಹಿಸಲಿಲ್ಲ. ರುಬೆಲ್ಲಾ ರೋಗವು ಬಸುರಿಯ ಮೊದಲ ತಿಂಗಳುಗಳಲ್ಲಿ ತಗುಲಿದರೆ ಹುಟ್ಟುವ ಶಿಶುವಿಗೆ ಕುರುಡು, ಕಿವುಡು, ಹೃದಯದ ದೋಷಗಳು ಬರುವುವು. ಹುಡುಗಿಯರಿಗೆ ಆ ಚುಚ್ಚುಮದ್ದನ್ನು ಹಾಕುವುದು ಮುಂದೆ ಅವರು ಹೆರಬಹುದಾದ ಮಕ್ಕಳ ಹಿತಕ್ಕಾಗಿ. ಬೇಲಿಯನ್ನು ಕಳ್ಳನೆಂದು ತಿಳಿದು ಕಿತ್ತುಹಾಕಿದ ಹಾಗಾಯಿತು.

ಇದಕ್ಕೆ ವಿರುದ್ಧವಾದ ಅಪಾಯವನ್ನೂ ಹೇಳದೆ ಬಿಡುವಂತಿಲ್ಲ. ಬರೆಯಲು ಸಂಕೋಚವಾಗುತ್ತಿದೆ, ಆದರೆ ಆ ಸಂಕೋಚವೇ ನನ್ನ ಹಳೆಯ ತಪ್ಪು. ತನಗೆ ಮಕ್ಕಳಾಗವೆಂದು ನಂಬಿದ ಹುಡುಗಿಯು ತನಗೆ ಬಸಿರಿನ ಅಪಾಯವೂ ಇಲ್ಲವೆಂದು ನಂಬುವಳು. ಮೋಸಗಾರನ ಮಾತಿಗೆ ಈ ನಂಬಿಕೆಯು ಬಾಗಿಲು ತೆರೆದಿಡುವುದು. ಮುಟ್ಟು ಅನಿಯಮವಾದುದರಿಂದ ಗರ್ಭ ನಿಲ್ಲದು, ಒಂದು ಸಾರಿಗೆ ಏನೂ ಆಗದು, ಇನ್ನೂ ಮೈನೆರೆಯದವಳಿಗೆ ಭಯವಿಲ್ಲ ಎಂಬ ಈ ಮೂರು ಮಾತುಗಳೂ ಸುಳ್ಳು. ಅಂಡವು ಹೊರಬಂದ ಎರಡು ವಾರಗಳ ಮೇಲೆ ಮುಟ್ಟಾಗುವುದು. ಆದಕಾರಣ ಮೊದಲನೆಯ ಮುಟ್ಟಿಗೆ ಮುಂಚೆಯೇ ಗರ್ಭವು ನಿಲ್ಲುವ ಸಂಭವವುಂಟು. ಅನಿಯಮವೆಂದರೆ ಯಾವ ದಿನವೆಂದು ತಿಳಿಯದೆಂಬುದೇ ಹೊರತು ಯಾವ ದಿನವೂ ಇಲ್ಲವೆಂದಲ್ಲ. ಹೀಗೆ ನಂಬಿ ಕೆಟ್ಟ ಹುಡುಗಿಯು ಯಾರಿಗೂ ಹೇಳಲಾರದೆ ಗುಟ್ಟಾಗಿ ಅರೆಬರೆ ವೈದ್ಯರಲ್ಲಿಗೆ ಹೋದರೆ, ಅಲ್ಲಿ ತಗುಲುವ ನಂಜಿನಿಂದ ಗರ್ಭನಾಳಗಳು ಮುಚ್ಚಿಹೋಗಿ, ಮೊದಲು ಸುಳ್ಳಾಗಿದ್ದ ಭಯವು ಆಮೇಲೆ ನಿಜವಾಗುವುದು. ಸಂತಾನಕ್ಕೆ ನಿಜವಾಗಿ ಅಡ್ಡಿಯಾಗುವುವು ಇಂಥ ನಂಜುಗಳು ಮತ್ತು ಅಲಕ್ಷಿಸಿದ ಕ್ಷಯರೋಗ. ನಮ್ಮ ದೇಶದಲ್ಲಿ ಕ್ಷಯವು ಶ್ವಾಸಕೋಶವನ್ನಲ್ಲದೆ ಗರ್ಭನಾಳವನ್ನೂ ಹಿಡಿಯುವುದುಂಟು. ಪರಂಗಿಹಣ್ಣಿಗೆ ಹೆದರುವ ಮನೆಯಲ್ಲಿ ತಿಂಗಳುಗಟ್ಟಲೆಯ ಜ್ವರಕ್ಕೆ ಹೆದರುವವರಿಲ್ಲ.

ಮೈನೆರೆದುದು ಮದುವೆಗೆ ಸಿದ್ಧಳಾದ ಗುರುತೆಂಬ ಎಣಿಕೆಯೂ ಹೀಗೆಯೇ. ಮುಟ್ಟು ಆರಂಭವಾದ ಮೇಲೆಯೂ ಹುಡುಗಿಯ ಎಲುಬುಗಳು, ಅದರಲ್ಲಿಯೂ ಹೆರಿಗೆಗೆ ದಾರಿಯಾದ ಸೊಂಟದ ಎಲುಬು, ಕೆಲವು ವರ್ಷ ಬೆಳೆಯುತ್ತಲೇ ಇರುವುವು. 1894ರಲ್ಲಿ ಮೈಸೂರು ಸಂಸ್ಥಾನದ ಕಾಯಿದೆಯು ಎಂಟು ವರ್ಷದೊಳಗಿನ ಹೆಣ್ಣುಮಕ್ಕಳ ಮದುವೆಯನ್ನು ನಿಷೇಧಿಸಿದಾಗ ಅದೇ ದೊಡ್ಡ ಸುಧಾರಣೆಯೆನಿಸಿತ್ತು. ಬ್ರಿಟಿಷ್ ಇಂಡಿಯಾದಲ್ಲಿ 1929ರ ಶಾರದಾ ಕಾಯಿದೆಯು ಹದಿನಾಲ್ಕು ವರ್ಷವೆಂದಿತು. 1978ರಲ್ಲಿ ಅದು ಹದಿನೆಂಟಾಯಿತು. 2006ರ ಕಾಯಿದೆಯು ಶಿಕ್ಷೆಯನ್ನು ಬಿಗಿಮಾಡಿತು. ಕರ್ನಾಟಕವು ಅದಕ್ಕೆ ತಂದ ತಿದ್ದುಪಡಿಯ ಮೇರೆಗೆ ಇಲ್ಲಿ ಬಾಲ್ಯವಿವಾಹವು ಮೊದಲಿನಿಂದಲೇ ಅಸಿಂಧು. ಈ ಕಾಯಿದೆಗಳಾವುವೂ ಮೈನೆರೆದಳೋ ಇಲ್ಲವೋ ಎಂದು ಕೇಳುವುದಿಲ್ಲ, ವಯಸ್ಸನ್ನು ಕೇಳುತ್ತವೆ.

ಇನ್ನು ಮೊದಲು ಹೇಳಿದ ಹುಡುಗಿಯ ಸಂಗತಿ. ಕಾಯಿದೆಯ ಭಯವನ್ನು ತೋರಿಸಿ ಮದುವೆಯನ್ನು ನಿಲ್ಲಿಸುವುದು ಕಷ್ಟವಾಗಿರಲಿಲ್ಲ. 1098ಕ್ಕೆ ಒಂದು ಟೆಲಿಫೋನು ಮಾಡಿದರೆ ಸಾಕಾಗುತ್ತಿತ್ತು, ಬೇಕಾದರೆ ಮಾಡಲು ಸಿದ್ಧಳೂ ಆಗಿದ್ದೆನು. ಆದರೆ ಅಜ್ಜಿಯ ಮನಸ್ಸಿನಲ್ಲಿದ್ದ ಭಯ ಅದರಿಂದ ಹೋಗುತ್ತಿರಲಿಲ್ಲ; ಹದಿನೆಂಟು ತುಂಬಿದ ಮರುದಿನವೇ ಛತ್ರವನ್ನು ಗೊತ್ತುಮಾಡುತ್ತಿದ್ದಳು. ಆದುದರಿಂದ ನಾನು ಆಕೆಯ ಮನೆಗೆ ಹೋದೆನು. ಮಗ್ಗಗಳ ಗದ್ದಲದಲ್ಲಿ ಮಾತು ಕೇಳಿಸದೆ ಹಿಂದಿನ ಅಡಿಗೆಮನೆಯಲ್ಲಿ ಕುಳಿತೆವು. ಅಜ್ಜಿ ಬಹಳ ಹೊತ್ತು ಮೌನವಾಗಿದ್ದು, "ಅಮ್ಮಾವ್ರೇ, ನೀವು ಓದಿದೋರು. ನಿಮಗೆ ಆ ಮಾತು ಅನ್ನಿಸಿಕೊಂಡ ನೋವು ಗೊತ್ತಿಲ್ಲ. ನಾನು ಮದುವೆಯಾಗಿ ಏಳು ವರ್ಷ ಅನ್ನಿಸಿಕೊಂಡಿದೀನಿ" ಎಂದಳು. ಎಂಟನೆಯ ವರ್ಷದಲ್ಲಿ ಆಕೆಗೆ ಹುಟ್ಟಿದವನೇ ಈ ಹುಡುಗಿಯ ತಂದೆ. ಮೊಮ್ಮಗಳನ್ನು ಆಕೆಯು ತಳ್ಳಿದುದಲ್ಲ. ತಾನು ಕುಡಿದ ಕಹಿಯಿಂದ ಆಕೆಯನ್ನು ಉಳಿಸಲು ತನಗೆ ತಿಳಿದ ಒಂದೇ ದಾರಿಯನ್ನು ಹಿಡಿದಿದ್ದಳು. ಆಗ ನಾನು, "ಅಜ್ಜೀ, ಏಳು ವರ್ಷ ಅಂದವರ ಮಾತು ಸುಳ್ಳಾಯಿತಲ್ಲ, ಮದುವೆಯಾಗದ ಈ ಮಗುವಿಗೆ ಈಗಲೇ ಅಂದರೆ ಹೇಗೆ ನಿಜವಾದೀತು?" ಎಂದೆನು. ಆಕೆಯು ಉತ್ತರ ಕೊಡಲಿಲ್ಲ. ಮಾರನೆಯ ವಾರ ಮೊಮ್ಮಗಳ ಜೊತೆಗೆ ತಾನೂ ಆಸ್ಪತ್ರೆಗೆ ಬಂದಳು.

ವೈದ್ಯರು ಸ್ಕ್ಯಾನಿಂಗಿಗೆ ಅವಸರಪಡದೆ ರಕ್ತಪರೀಕ್ಷೆ ಮಾಡಿಸಿದರು. ಹುಡುಗಿಗೆ ರಕ್ತ ಬಹಳ ಕಡಿಮೆಯಿದ್ದಿತು; ಬೇರೆ ದೋಷವಿರಲಿಲ್ಲ. ಮಾತ್ರೆಗಳನ್ನು ಕೊಟ್ಟು, ಬೆಳಿಗ್ಗೆ ಹಸಿದುಕೊಂಡು ಶಾಲೆಗೆ ಬರಕೂಡದೆಂದೂ, ಮುಟ್ಟಿನ ದಿನಗಳನ್ನು ಕ್ಯಾಲೆಂಡರಿನಲ್ಲಿ ಗುರುತು ಮಾಡಬೇಕೆಂದೂ ಹೇಳಿದರು. ಗುರುತು ಮಾಡಿದವಳು ಅಜ್ಜಿ. ಅಕ್ಷರ ಬಾರದ ಆಕೆಯು ಗೋಡೆಯ ಕ್ಯಾಲೆಂಡರಿನಲ್ಲಿ ಕುಂಕುಮದ ಬೊಟ್ಟನ್ನಿಡುತ್ತಿದ್ದಳು. ಎರಡನೆಯ ವರ್ಷದ ಕ್ಯಾಲೆಂಡರಿನಲ್ಲಿ ಬೊಟ್ಟುಗಳು ಹೆಚ್ಚುಕಡಿಮೆ ಒಂದೇ ಅಂತರಕ್ಕೆ ಬಂದಿದ್ದುವು. ಹುಡುಗಿಯು ಎಸ್.ಎಸ್.ಎಲ್.ಸಿ. ಮುಗಿಸಿ, ಪಿ.ಯು.ಸಿ. ಮುಗಿಸಿ, ಈಗ ಬೆಂಗಳೂರಿನಲ್ಲಿ ದಾದಿಯರ ಶಿಕ್ಷಣವನ್ನು ಪಡೆಯುತ್ತಿದ್ದಾಳೆ. ಆಕೆಗೆ ಮಕ್ಕಳಾಗುವುವೋ ಇಲ್ಲವೋ ನಾನು ಅರಿಯೆನು. ಆಕೆಯೂ ಅರಿಯಳು. ಈ ವಯಸ್ಸಿನ ಯಾರೂ ಅರಿಯರು. ಆ ಪ್ರಶ್ನೆಗೆ ಕಾಲ ಬಂದಾಗ ಉತ್ತರ ಸಿಕ್ಕುವುದೆಂದು ತಿಳಿದು ಆಕೆಯು ನೆಮ್ಮದಿಯಾಗಿದ್ದಾಳೆ.

ಸರ್ಕಾರಿ ಆಸ್ಪತ್ರೆಗಳಲ್ಲಿ ಹದಿಹರೆಯದವರಿಗಾಗಿಯೇ ಸ್ನೇಹ ಕ್ಲಿನಿಕ್ ಎಂಬ ಹೆಸರಿನ ವ್ಯವಸ್ಥೆಯುಂಟು. ಅಲ್ಲಿ ಹುಡುಗಿಯರು ಪ್ರತ್ಯೇಕವಾಗಿ, ಗುಟ್ಟು ಹೊರಬೀಳದಂತೆ ಮಾತನಾಡಬಹುದು. ತಾಯಂದಿರು ಜೊತೆಗೆ ಹೋಗಿ ಹೊರಗಿನ ಬೆಂಚಿನಲ್ಲಿ ಕುಳಿತರೂ ಸಾಕು.

ಈ ಲೇಖನವನ್ನು ಬರೆಯುತ್ತಿರುವ ವಾರ ಡಬ್ಬಿಯನ್ನು ತೆರೆದಾಗ, ಎಕ್ಸರ್‌ಸೈಜ್ ಪುಸ್ತಕದ ಹಾಳೆಯಲ್ಲಿ ಪೆನ್ಸಿಲಿನಿಂದ ಬರೆದ ಒಂದು ಚೀಟಿಯಿದ್ದಿತು: "ಮಿಸ್, ನೀವು ಹೇಳಿದ್ದು ನಮಗೆ ಅರ್ಥವಾಯಿತು. ಇದನ್ನು ನಮ್ಮ ಅಮ್ಮನಿಗೆ ಹೇಗೆ ಹೇಳುವುದು?" ಇದಕ್ಕೆ ನನ್ನಲ್ಲಿ ಉತ್ತರವಿರಲಿಲ್ಲ. ಆದಕಾರಣ ಶಾಲೆ ಪುನಃ ತೆರೆದ ಮೇಲೆ ಜುಲೈ ತಿಂಗಳ ಮೊದಲನೆಯ ಶನಿವಾರ ಮಧ್ಯಾಹ್ನ ಮೂರು ಗಂಟೆಗೆ ತಾಯಂದಿರನ್ನೂ, ಅಜ್ಜಿಯರನ್ನೂ ಶಾಲೆಯ ಸಭಾಂಗಣಕ್ಕೆ ಕರೆದಿದ್ದೇವೆ. ಲೇಡಿ ಡಾಕ್ಟರು ಬರುವರು. ಹಳೆಯ ವಿದ್ಯಾರ್ಥಿನಿಯರಲ್ಲಿ ಸಮೀಪದಲ್ಲಿರುವವರು ಬಂದರೆ ಬಹಳ ಸಂತೋಷ. ಡಬ್ಬಿಯನ್ನು ಬಾಗಿಲ ಬಳಿಯಲ್ಲಿ ಇಡಲಾಗುವುದು. ಬರೆಯಲು ಬಾರದವರ ಪ್ರಶ್ನೆಯನ್ನು ನಾನೇ ಪಕ್ಕದ ಕೊಠಡಿಯಲ್ಲಿ ಕುಳಿತು ಬರೆದುಕೊಳ್ಳುವೆನು.